ಹಡಗಿನಲ್ಲಿ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಯುದ್ಧನೌಕೆ ಮತ್ತು ನೌಕಾ ವಿಮಾನಗಳಲ್ಲಿ ಹಣ ಉಳಿಸಲು ಮಾಡಿಕೊಳ್ಳುವ ರಾಜಿಗಳ ಬಗ್ಗೆ ಬೀದರ್, ಕಲಬುರಗಿ, ಯಾದಗಿರಿ ಓದುಗರು ಕೇಳಿದ ಪ್ರಶ್ನೆಗಳಿಗೆ ನೌಕಾ ಎಂಜಿನಿಯರ್ ಒಬ್ಬರ ಉತ್ತರ.

ಸರ್, ನಮ್ಮ ಮನಿ ಮ್ಯಾಲಿಂದ ದಿನಾ ಹಾಕ್ ವಿಮಾನ ಹಾರ್ತಾವ. ಅದಕ್ಕೊಂದು ಕೊಕ್ಕೆ ಹಚ್ಚಿದ್ರ ವಿಕ್ರಾಂತ್ ಮ್ಯಾಲೆ ಇಳಿಸಲಿಕ್ಕ ಬರಂಗಿಲ್ಲೇನ್ರಿ? ಹಡಗಿಗಂತನ ಬ್ಯಾರೆ ವಿಮಾನಕ್ಕ ಅಷ್ಟು ರೊಕ್ಕ ಯಾಕ?
– ಡಿಪ್ಲೊಮಾ ವಿದ್ಯಾರ್ಥಿ, ಬೀದರ್

ತಮ್ಮಾ, ನೀನು ಕೇಳಿದ್ದನ್ನೇ ಅಮೆರಿಕದ ನೌಕಾಪಡೆ ಮಾಡಿ ನೋಡಿದೆ. ಹಾಕ್ ವಿಮಾನವನ್ನೇ ತಿದ್ದಿ ಟಿ-45 ಗೋಸ್‌ಹಾಕ್ ಮಾಡಿಕೊಂಡರು. ಆದರೆ ಬರೀ ಕೊಕ್ಕೆಗೆ ಕೆಲಸ ಮುಗಿಯಲಿಲ್ಲ. ಚಕ್ರದ ಕಾಲುಗಳನ್ನು ಹೊಸದಾಗಿ ಮಾಡಬೇಕಾಯಿತು, ಮುಂದಿನ ಚಕ್ರ ಒಂದಿದ್ದದ್ದು ಜೋಡಿಯಾಯಿತು, ಹೊಟ್ಟೆಯ ಕೆಳಗಿದ್ದ, ವೇಗ ತಗ್ಗಿಸುವ ಏರ್‌ಬ್ರೇಕ್ ಪಕ್ಕಗಳಿಗೆ ಹೋಯಿತು, ಇಡೀ ಮೈಕಟ್ಟನ್ನೇ ಗಟ್ಟಿ ಮಾಡಿದರು. ಬೀದರ್ ರನ್‌ವೇಯಲ್ಲಿ ಪೈಲಟ್ ನೆಲ ಮುಟ್ಟುವ ಮುಂಚೆ ಮೂಗು ಎತ್ತಿ ಮೆಲ್ಲಗೆ ಕೂಡಿಸುತ್ತಾನೆ. ಹಡಗಿನ ಮೇಲೆ ಹಾಗೆ ಮಾಡಿದರೆ, ಡೆಕ್ (ಹಡಗಿನ ಮೇಲ್ಹಾಸು) ಮೇಲೆ ಅಡ್ಡ ಕಟ್ಟಿದ, ಕೊಕ್ಕೆ ಸಿಕ್ಕಿಸಿ ವಿಮಾನ ನಿಲ್ಲಿಸುವ ತಂತಿ ತಪ್ಪುತ್ತದೆ. ಇಳಿಜಾರು ಹಿಡಿದ ಹಾಗೇ ಬಂದು ಡೆಕ್ಕಿಗೆ ಬಡಿಯಬೇಕು, ಪ್ರತಿ ಸಲವೂ.

ಕೊಕ್ಕೆಯೂ ಸುಲಭದ ವಸ್ತುವಲ್ಲ. ಅಮೆರಿಕದ ಎಫ್-35 ಯುದ್ಧವಿಮಾನದ ನೌಕಾ ಮಾದರಿಯಲ್ಲಿ ಹಿಂದಿನ ಚಕ್ರಕ್ಕೂ ಕೊಕ್ಕೆಗೂ ಅಂತರ ತೀರಾ ಕಡಿಮೆ ಇತ್ತು. ಚಕ್ರ ಹಾದುಹೋದಾಗ ತಂತಿ ಡೆಕ್ಕಿಗೆ ಚಪ್ಪಟೆಯಾಗಿ ಒತ್ತಿಕೊಳ್ಳುತ್ತಿತ್ತು, ಅದು ಮತ್ತೆ ಮೇಲೇಳುವ ಮೊದಲೇ ಕೊಕ್ಕೆ ಬಂದು ಜಾರಿಹೋಗುತ್ತಿತ್ತು. ಮೊದಲ ಪರೀಕ್ಷೆಗಳಲ್ಲಿ ತಂತಿ ಸಿಗಲೇ ಇಲ್ಲ, ಕೊಕ್ಕೆಯನ್ನು ಹೊಸದಾಗಿ ವಿನ್ಯಾಸ ಮಾಡಿದರು. ಮೂರು ಪಡೆಗೆ ಒಂದೇ ವಿಮಾನ ಮಾಡಿ ಹಣ ಉಳಿಸುವ ಲೆಕ್ಕ ಇಂಥ ಕಡೆಯೇ ಕೈಕೊಡುತ್ತದೆ.

ನಮ್ಮ ನೌಕಾಪಡೆಯ ಮಿಗ್-29ಕೆ ಕೂಡ ವಾಯುಪಡೆಯ ಮಿಗ್-29ರಿಂದ ಬಂದದ್ದು. 2016ರ ಸಿಎಜಿ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ: ವಿನ್ಯಾಸದ ದೋಷಕ್ಕಾಗಿ 40 ಎಂಜಿನ್ ಸೇವೆಯಿಂದ ಹೊರಗೆ, ಹಾರಲು ಸಿದ್ಧವಿದ್ದ ವಿಮಾನಗಳ ಪ್ರಮಾಣ ಶೇ 16ರಿಂದ 38ರೊಳಗೆ. ಅಗ್ಗ ಅನಿಸುವ ವಿಮಾನ ಶೆಡ್ಡಿನಲ್ಲೇ ನಿಂತರೆ ಅದು ಅಗ್ಗದ್ದಲ್ಲ.

ಇನ್ನೊಂದು ವಿಷಯ, ನಿನ್ನಂಥ ಹುಡುಗರಿಗೆ ಸಂಬಂಧಿಸಿದ್ದು. ಅಮೆರಿಕ ಗೋಸ್‌ಹಾಕ್ ಬದಲಿಗೆ ತರಲಿರುವ ತರಬೇತಿ ವಿಮಾನ ಹಡಗಿನ ಮೇಲೆ ಇಳಿಯಲೇಬೇಕೆಂಬ ಷರತ್ತನ್ನು ಕೈಬಿಟ್ಟಿದೆ. ಇಳಿಯಲು ನೆರವಾಗುವ ಸಾಫ್ಟ್‌ವೇರ್ ಈಗ ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ಡೆಕ್ ಮೇಲಿನ ಮೊದಲ ಪೆಟ್ಟನ್ನು ಪೈಲಟ್ ದುಬಾರಿ ಯುದ್ಧವಿಮಾನದಲ್ಲೇ ತಿನ್ನುವುದು ನನಗೆ ಸರಿ ಕಾಣುವುದಿಲ್ಲ. ನಾವು 2025ರಲ್ಲಿ ಒಪ್ಪಂದ ಮಾಡಿಕೊಂಡ 26 ನೌಕಾ ರಫೇಲ್‌ಗಳಲ್ಲೂ ಎರಡು ಸೀಟಿನ 4 ವಿಮಾನ ನೆಲದ ಮೇಲಿನ ತರಬೇತಿಗಷ್ಟೇ.

ವಿಕ್ರಾಂತ್ ನೌಕೆಯನ್ನು 2022ರಲ್ಲಿ ಸೇವೆಗೆ ಸೇರಿಸಿದಾಗ ವಾಯುರಕ್ಷಣಾ ಕ್ಷಿಪಣಿಯೇ ಇರಲಿಲ್ಲವೆಂದು ಓದಿದೆ. ಸುಮಾರು 20 ಸಾವಿರ ಕೋಟಿ ಖರ್ಚು ಮಾಡಿಯೂ ಅರ್ಧಂಬರ್ಧ ಏಕೆ?
– ನಿವೃತ್ತ ಶಿಕ್ಷಕರು, ಕಲಬುರಗಿ

ಗುರುಗಳೇ, ಓದಿದ್ದು ನಿಜ. ವಿಕ್ರಮಾದಿತ್ಯವೂ 2013ರಲ್ಲಿ ಹಾಗೆಯೇ ಬಂದಿತ್ತು, ಬರಾಕ್ ಕ್ಷಿಪಣಿ ಕೂಡಿಸಿದ್ದು ಆಮೇಲೆ. ಜಾಗ, ಕೇಬಲ್, ವಿದ್ಯುತ್ತಿಗೆಲ್ಲ ಮೊದಲೇ ಅನುವು ಮಾಡಿ ಹಡಗು ಕಟ್ಟುವುದು, ಆಯುಧವನ್ನು ಹಣ ಬಂದಾಗ ತರುವುದು ಬ್ರಿಟಿಷರಲ್ಲೂ ಹಳೆಯ ರೂಢಿ. ಇದರಲ್ಲಿ ಅಪಾಯವಿದೆ, ಶತ್ರು ನಮಗಾಗಿ ಕಾಯುವುದಿಲ್ಲ. ಆದರೂ ನನ್ನ ಚಿಂತೆ ಹೆಚ್ಚು ಬೇರೆ ಕಡೆ. ಮನೆಗೆ ಶಹಾಬಾದ್ ಕಲ್ಲನ್ನು ಮುಂದಿನ ವರ್ಷ ಹಾಸಿಕೊಳ್ಳಬಹುದು, ಪಾಯವನ್ನು ಮುಂದಿನ ವರ್ಷ ಅಗಲ ಮಾಡಲಾಗದು. ಹಡಗಿಗೆ ಪಾಯವೆಂದರೆ ಒಡಲಿನ ಗಾತ್ರ, ವಿದ್ಯುತ್ ಶಕ್ತಿ, ಡೆಕ್, ವಿಮಾನವನ್ನು ಕೆಳಗಿನ ಶೆಡ್ಡಿನಿಂದ ಡೆಕ್ಕಿಗೆ ಎತ್ತುವ ಲಿಫ್ಟ್.

ಬ್ರಿಟನ್ನಿನ ಟೈಪ್ 45 ವಿಧ್ವಂಸಕ ನೌಕೆಗಳನ್ನು ನೋಡಿ. ಇಂಧನ ಉಳಿಸುವ ಹೊಸ ಬಗೆಯ ಗ್ಯಾಸ್ ಟರ್ಬೈನ್ ಹಾಕಿ, ಜೊತೆಗೆ ಎರಡೇ ಡೀಸೆಲ್ ಜನರೇಟರ್ ಕೊಟ್ಟರು. ತಂಪು ನೀರಿನಲ್ಲಿ ಎಲ್ಲ ಸರಿ. ಪರ್ಷಿಯನ್ ಕೊಲ್ಲಿಯ ಕಾವಿನಲ್ಲಿ ಟರ್ಬೈನ್ ಸೊರಗಿತು, ಭಾರವೆಲ್ಲ ಡೀಸೆಲ್ ಮೇಲೆ ಬಿತ್ತು, ಅದಕ್ಕೆ ತಡೆಯಲಾಗಲಿಲ್ಲ. ನಡೆಯುವುದೂ ವಿದ್ಯುತ್ತಿನಿಂದಲೇ ಆದ್ದರಿಂದ ಹಡಗು ಕತ್ತಲಾಗಿ ನಿಂತುಬಿಡುತ್ತಿತ್ತು. ಮೇ ತಿಂಗಳ ಕಲಬುರಗಿಯಲ್ಲಿ ಇರುವವರಿಗೆ ಬಿಸಿಲು ಯಂತ್ರಕ್ಕೆ ಏನು ಮಾಡುತ್ತದೆಂದು ಹೇಳಬೇಕಿಲ್ಲ. ಈಗ ಒಡಲಿನ ಪಕ್ಕ ಕೊಯ್ದು, ಎರಡನ್ನು ತೆಗೆದು, ಹೆಚ್ಚು ಶಕ್ತಿಯ ಮೂರು ಡೀಸೆಲ್ ಕೂಡಿಸುತ್ತಿದ್ದಾರೆ.

ನಮ್ಮ ವಿಕ್ರಾಂತ್‌ನಲ್ಲಿ ನನ್ನನ್ನು ಕಾಡುವುದು ಲಿಫ್ಟ್. ರೆಕ್ಕೆ ಮಡಚುವ ಮಿಗ್-29ಕೆ ಅಳತೆ ಮನಸ್ಸಿನಲ್ಲಿಟ್ಟು ಮಾಡಿದ್ದರಿಂದ ಅದರ ಅಗಲ ಸುಮಾರು 10 ಮೀಟರ್. ರಫೇಲ್ ರೆಕ್ಕೆ ಮಡಚುವುದಿಲ್ಲ, ಅದರ ಅಗಲ 10.9 ಮೀಟರ್. ಒಂದು ಮೀಟರಿನ ಈ ಕೊರತೆ ಹಡಗಿನ ಆಯುಷ್ಯದುದ್ದಕ್ಕೂ ಕಸರತ್ತು ಮಾಡಿಸುತ್ತದೆ.

ಡೆಕ್ಕಿನ ಮುಂತುದಿಯನ್ನು ಮೇಲಕ್ಕೆ ಬಾಗಿಸಿದ ಸ್ಕೀ ಜಂಪ್ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಕವಣೆಯಂತೆ ವಿಮಾನವನ್ನು ಎಸೆಯುವ ಕ್ಯಾಟಪಲ್ಟ್ ಇಲ್ಲದ್ದರಿಂದ ಹಡಗು ಸರಳ, ಅಗ್ಗ. ಆದರೆ ವಿಮಾನ ತುಂಬು ಇಂಧನ, ತುಂಬು ಆಯುಧ ಹೊತ್ತು ಏಳುವುದು ಕಷ್ಟ. ಇ-2 ಹಾಕ್‌ಐನಂಥ ದೊಡ್ಡ ರೆಡಾರ್ ವಿಮಾನವಂತೂ ಏಳುವುದಿಲ್ಲ. ಅದರ ಕೆಲಸವನ್ನು ಕಾಮೊವ್-31 ಹೆಲಿಕಾಪ್ಟರ್‌ಗೆ ಕೊಟ್ಟಿದ್ದೇವೆ, ಅದು ಅಷ್ಟು ಎತ್ತರ ಏರದು, ಅಷ್ಟು ಹೊತ್ತು ನಿಲ್ಲದು. ವಿಕ್ರಾಂತ್ ನಡೆಯುವುದು ಗ್ಯಾಸ್ ಟರ್ಬೈನಿನಿಂದ, ಕ್ಯಾಟಪಲ್ಟಿಗೆ ಬೇಕಾದ ಹಬೆ ಅಲ್ಲಿಲ್ಲ. ಸ್ವಂತವಾಗಿ ಕಟ್ಟಿದ ಮೊದಲ ವಿಮಾನವಾಹಕಕ್ಕೆ ಈ ರಾಜಿ ಸರಿ ಎಂದೇ ನನ್ನ ಅಭಿಪ್ರಾಯ. ಮುಂದಿನದಕ್ಕೂ ಇದನ್ನೇ ಮಾಡಿದರೆ ಒಪ್ಪಲಾರೆ. ಬ್ರಿಟಿಷರು 2010ರಲ್ಲಿ ತಮ್ಮ ಹೊಸ ಹಡಗಿಗೆ ಕ್ಯಾಟಪಲ್ಟ್ ಹಾಕುತ್ತೇವೆಂದರು, ಒಂದೇ ಹಡಗು ಬದಲಿಸಲು 200 ಕೋಟಿ ಪೌಂಡಿನಷ್ಟು ಬೇಕಾಗುತ್ತದೆಂದು ಗೊತ್ತಾಗಿ 2012ರಲ್ಲಿ ಕೈಬಿಟ್ಟರು.

ಹೊಸಾದು ಕಟ್ಟೋದಕ್ಕಿಂತ ಹಳೇ ಹಡಗ ತಗೊಂಡ್ರ ಲಾಭ ಅಲ್ಲೇನ್ರಿ?
– ಟ್ರ್ಯಾಕ್ಟರ್ ಗ್ಯಾರೇಜ್ ಮಾಲೀಕರು, ಶಹಾಪುರ, ಯಾದಗಿರಿ ಜಿಲ್ಲೆ

ಎಂಜಿನ್ ಬಿಚ್ಚಿದ ಮೇಲೇನೇ ಖರ್ಚು ಗೊತ್ತಾಗೋದು ಅನ್ನುವುದು ನಿಮಗೇ ಚೆನ್ನಾಗಿ ಗೊತ್ತಲ್ಲ ಸಾಹೇಬ್ರೆ. 2004ರಲ್ಲಿ ರಷ್ಯಾದ ಗೋರ್ಶ್‌ಕೋವ್ ಹಡಗಿನ (ಅದೇ ನಮ್ಮ ವಿಕ್ರಮಾದಿತ್ಯವಾದದ್ದು) ರಿಪೇರಿಗೆ ಮಾತಾದದ್ದು 97.4 ಕೋಟಿ ಡಾಲರ್. ಬಿಚ್ಚಿದಾಗ ಹೊಸ ಕೇಬಲ್ ಎಳೆಯುವ ಕೆಲಸವೇ ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಬಂತು. ಕೊನೆಗೆ ಬಿಲ್ಲು 235 ಕೋಟಿ ಡಾಲರ್. ಬಾಯ್ಲರ್ ಒಳಗೆ ಕಲ್ನಾರು (ಆಸ್ಬೆಸ್ಟಾಸ್) ಬೇಡವೆಂದು ನಾವು ಹೇಳಿದ್ದರಿಂದ ಶಾಖ ತಡೆಯುವ ಇಟ್ಟಿಗೆ ಹಾಕಿದರು. 2012ರ ಪರೀಕ್ಷೆಯಲ್ಲಿ ಆ ಇಟ್ಟಿಗೆ ತಾಳಲಿಲ್ಲ, ಎಂಟರಲ್ಲಿ ಏಳು ಬಾಯ್ಲರ್ ಕೆಟ್ಟವು. ಹಡಗು ಸುಮಾರು ಒಂದು ವರ್ಷ ತಡವಾಯಿತು. ನಾವಿಕರ ಪುಪ್ಪುಸ ಉಳಿಸುವ ಆ ಹಟ ಮಾತ್ರ ಸರಿಯಾಗಿತ್ತು. ಅಲ್ಲಿ ರಾಜಿ ಮಾಡಿಕೊಳ್ಳಬಾರದಿತ್ತು, ಮಾಡಿಕೊಳ್ಳಲಿಲ್ಲ.

ಹೊಸದು ಕಟ್ಟುವವರೂ ಕಳೆದುಕೊಳ್ಳುತ್ತಾರೆ. ಅಮೆರಿಕದವರು 32 ಝುಮ್‌ವಾಲ್ಟ್ ನೌಕೆ ಎಂದವರು ಮೂರಕ್ಕೆ ನಿಲ್ಲಿಸಿದರು. ಅದರ ತೋಪಿಗೆಂದೇ ಮಾಡಿದ ವಿಶೇಷ ಗುಂಡನ್ನು ಮೂರೇ ಹಡಗಿಗೆ ಮಾಡುವಾಗ ಒಂದೊಂದಕ್ಕೆ ಸುಮಾರು 8 ಲಕ್ಷ ಡಾಲರ್ ಬಿದ್ದಿತು. ಗುಂಡು ರದ್ದಾಯಿತು, ತೋಪುಗಳು ಗುಂಡಿಲ್ಲದೆ ಕೂತವು. ನಮ್ಮಲ್ಲೂ ಎಂಟು ಹಡಗಿನ ಯೋಜನೆಯನ್ನು ನಾಲ್ಕಕ್ಕೆ ಇಳಿಸಿ ಅರ್ಧ ಉಳಿಯಿತು ಅನ್ನುವವರಿದ್ದಾರೆ. ವಿನ್ಯಾಸದ ಖರ್ಚು, ಅಚ್ಚಿನ ಖರ್ಚು ಅರ್ಧವಾಗುವುದಿಲ್ಲ, ಅದು ಇದ್ದ ನಾಲ್ಕರ ತಲೆ ಮೇಲೆಯೇ ಕೂಡುತ್ತದೆ.

ಅಲ್ಯೂಮಿನಿಯಂ ಬಳಸಿ ಹಣ ಉಳಿಸಿದ್ದಕ್ಕೇ ಬ್ರಿಟನ್ನಿನ ಯುದ್ಧನೌಕೆ ಶೆಫೀಲ್ಡ್ ಉರಿಯಿತಂತೆ, ಹೌದೇ?
– ಓದುಗರು, ಹುಮನಾಬಾದ್

ಅಲ್ಲ. 1982ರಲ್ಲಿ ಎಕ್ಸೊಸೆಟ್ ಕ್ಷಿಪಣಿ ಬಡಿದ ಶೆಫೀಲ್ಡ್‌ನ ಮೇಲ್ಕಟ್ಟಡ ಉಕ್ಕಿನದೇ. ನೀವು ಕೇಳಿದ ಕಥೆ ನಿಜವಾಗಿ ಅನ್ವಯಿಸುವುದು ಅಮೆರಿಕದ ಬೆಲ್‌ನ್ಯಾಪ್ ಹಡಗಿಗೆ. 1975ರಲ್ಲಿ ವಿಮಾನವಾಹಕಕ್ಕೆ ಡಿಕ್ಕಿಯಾಗಿ ಬೆಂಕಿ ಬಿದ್ದಾಗ ಅದರ ಅಲ್ಯೂಮಿನಿಯಂ ಮೇಲ್ಕಟ್ಟಡ ಕರಗಿಹೋಯಿತು. ಆಮೇಲೆ ಬಂದ ಆರ್ಲೀ ಬರ್ಕ್ ವಿಧ್ವಂಸಕಗಳಿಗೆ ಅಮೆರಿಕದವರು ಉಕ್ಕನ್ನೇ ಆರಿಸಿಕೊಂಡರು.