ಬೋಗುಣಿಯಲ್ಲಿ ನೀರಿದೆ, ಕೋಳಿಗೆ ಬಾಯಾರಿದೆ

ಪ್ರಶ್ನೆ: ಡಾಕ್ಟರೇ, ನಮ್ಮ ಹಿತ್ತಲಲ್ಲಿ 12 ಹೇಂಟೆ, 2 ಹುಂಜ ಇದ್ದವು. ತಗಡಿನ ಶೆಡ್ಡು. ಕಳೆದ ವಾರ ಎರಡೇ ಮಧ್ಯಾಹ್ನಗಳಲ್ಲಿ ಮೂರು ಹೇಂಟೆಗಳು ಸತ್ತವು. ಉಳಿದವು ಬಾಯಿ ತೆರೆದು ತೇಕುತ್ತಿವೆ. ಮೊಟ್ಟೆ 8ರಿಂದ 3ಕ್ಕೆ ಇಳಿದಿದೆ, ಸಿಪ್ಪೆಯೂ ತೆಳು. ಬೆಳಿಗ್ಗೆ ನಾಲ್ಕು ಲೀಟರಿನ ಬೋಗುಣಿ ತುಂಬಿಸುತ್ತೇನೆ, ಸಂಜೆಗೆ ಅರ್ಧ ಉಳಿದೇ ಇರುತ್ತದೆ. ಹಾಗಾಗಿ ನೀರಿನ ಕೊರತೆಯಿಲ್ಲ. ನೆರೆಯವರು ಕೊಕ್ಕರೆ ರೋಗ (ಕೋಳಿಗಳಲ್ಲಿ ಬೇಗ ಹರಡುವ ರಾಣಿಖೇತ್) ಎನ್ನುತ್ತಾರೆ. ಒಂದು ಹೇಂಟೆ ಕಾವಿಗೆ ಬೇರೆ ಕುಳಿತಿದೆ. ಏನು ಮಾಡಲಿ?
– ಓದುಗರು, ಲಿಂಗಸುಗೂರು ತಾಲ್ಲೂಕು

ಉತ್ತರ: ತಂಗಿ, ಸಂಜೆಗೆ ಅರ್ಧ ಉಳಿಯುತ್ತದೆ ಎಂದಿರಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಮಾತು. ಬೆಳೆದ ಕೋಳಿ ತಂಪು ದಿನದಲ್ಲೇ ಕಾಲು ಲೀಟರಿನಷ್ಟು ಕುಡಿಯುತ್ತದೆ. ನಮ್ಮ ರಾಯಚೂರು ಸೀಮೆಯ ಬಿಸಿಲಿನಲ್ಲಿ ಅದರ ಎರಡರಷ್ಟಾದರೂ ಬೇಕು. 14 ಕೋಳಿಗೆ ಏಳು ಲೀಟರು ಖರ್ಚಾಗಬೇಕಿತ್ತು. ಖರ್ಚಾದದ್ದು ಎರಡು. ನೀರು ಇದ್ದರೂ ಅವು ಕುಡಿದಿಲ್ಲ.

ದೇವದುರ್ಗದಲ್ಲಿ ಕೆಲಸದಲ್ಲಿದ್ದಾಗ ಒಂದು ಮೇ ತಿಂಗಳ ಮಧ್ಯಾಹ್ನ ಒಬ್ಬ ಅಜ್ಜಿಯ ಹಿತ್ತಲಿಗೆ ಹೋಗಿದ್ದೆ. ಅಂಗಳದ ನಡುವೆ ಸ್ಟೀಲ್ ಬೋಗುಣಿ, ತುಂಬ ನೀರು. ಕೋಳಿಗಳೆಲ್ಲ ಬೇವಿನ ಬುಡದಲ್ಲಿ ರೆಕ್ಕೆ ಅಗಲಿಸಿ ಕುಳಿತಿದ್ದವು. ಕೆಂದು ಬಣ್ಣದ ಒಂದು ಹೇಂಟೆ ಎದ್ದು ಬಿಸಿಲು ದಾಟಿ ಬಂತು, ಕೊಕ್ಕು ಅದ್ದಿತು, ತಲೆ ಕೊಡವಿ ನೆರಳಿಗೆ ಹಿಂತಿರುಗಿತು. ನಾನು ಬೆರಳು ಅದ್ದಿ ನೋಡಿದೆ: ಸ್ನಾನದ ನೀರಿನ ಬಿಸಿ! ಅಜ್ಜಿ ಒಳಗಿನ ಗಡಿಗೆಯಿಂದ ಒಂದು ತಂಬಿಗೆ ನೀರು ತಂದು, ಒಡೆದ ಮಡಕೆಯ ತಳದಲ್ಲಿ ಸುರಿದು ಬೇವಿನ ಬುಡಕ್ಕೇ ಇಟ್ಟರು. ಅದೇ ಹೇಂಟೆ ಕೊಕ್ಕು ಅದ್ದಿ ಕತ್ತೆತ್ತಿ, ಮತ್ತೆ ಅದ್ದಿ ಕತ್ತೆತ್ತಿ ಕುಡಿಯಿತು. ಎಣಿಸಿದೆ, 23 ಗುಟುಕು.

ಕೋಳಿಗೆ ಬೆವರಿನ ಗ್ರಂಥಿಯಿಲ್ಲ. ಅದರ ಮೈ ಶಾಖವೇ 41 ಡಿಗ್ರಿಯ ಆಸುಪಾಸು. ಸುತ್ತಲ ಗಾಳಿಯೂ ಅಷ್ಟೇ ಕಾದಾಗ ತೇಕಿ, ಉಸಿರಿನ ಮೂಲಕ ನೀರನ್ನು ಆವಿಯಾಗಿಸಿಯೇ ಅದು ತಂಪಾಗಬೇಕು. ಒಳಗೆ ನೀರಿಲ್ಲದಿದ್ದರೆ ತೇಕಿಯೂ ಫಲವಿಲ್ಲ. ಅತಿಯಾಗಿ ತೇಕಿದಾಗ ರಕ್ತದಿಂದ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸಿಪ್ಪೆ ಕಟ್ಟುವ ಸಾಮಗ್ರಿಯೇ ಕಡಿಮೆಯಾಗುತ್ತದೆ. ನಿಮ್ಮ ತೆಳು ಮೊಟ್ಟೆಯ ಕಾರಣ ಬಹುಮಟ್ಟಿಗೆ ಅದೇ.

ಇಂದೇ ಮೂರು ಕಡೆ ಮಣ್ಣಿನ ಪಾತ್ರೆ ಇಡಿ, ಮೂರೂ ನೆರಳಿನಲ್ಲಿ. ಒಂದೇ ಕಡೆ ಇಟ್ಟರೆ ಹುಂಜ ಕಾಯುತ್ತ ನಿಲ್ಲುತ್ತದೆ, ಸಾಧು ಹೇಂಟೆಗಳು ಹತ್ತಿರ ಸುಳಿಯುವುದಿಲ್ಲ. ಮಾಳಿಗೆಯ ಕಪ್ಪು ಟ್ಯಾಂಕಿನ ನೀರು ಬೇಡ. ಹನ್ನೆರಡಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ಚೆಲ್ಲಿ ಹೊಸ ನೀರು ತುಂಬಿ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಬೆರೆಸಿ ಒಂದು ಪಾತ್ರೆಯಲ್ಲಿಡಬಹುದು, ಪಕ್ಕದಲ್ಲಿ ಬರಿ ನೀರೂ ಇರಲಿ. ಕೈ ಅಳತೆಯಲ್ಲಿ ಉಪ್ಪು ಹಾಕಲೇಬೇಡಿ, ಹೆಚ್ಚಾದರೆ ಕೋಳಿಗೆ ಅದು ವಿಷ.

ತಗಡಿನ ಮೇಲೆ ಜೋಳದ ದಂಟು ದಪ್ಪಗೆ ಹೊದಿಸಿ ಹಗ್ಗದಿಂದ ಬಿಗಿಯಿರಿ. ಗಾಳಿ ಬರುವ ಕಡೆ ಒದ್ದೆ ಗೋಣಿಚೀಲ ಇಳಿಬಿಡಿ, ಎದುರು ಗೋಡೆ ತೆರೆದಿರಲಿ. ಮುಚ್ಚಿದ ಶೆಡ್ಡಿನೊಳಗೆ ನೀರು ಚಿಮುಕಿಸಿದರೆ ತೇವ ಏರಿ ತೇಕುವುದೂ ಕೈಕೊಡುತ್ತದೆ. ಕಾಳನ್ನು ಬೆಳಿಗ್ಗೆ ಏಳರೊಳಗೆ ಹಾಕಿ, ಮತ್ತೆ ಸಂಜೆ ಬಿಸಿಲು ಇಳಿದ ಮೇಲೆ. ತಿಂದದ್ದು ಅರಗುವಾಗಲೂ ಮೈ ಕಾಯುತ್ತದೆ.

ನೆರೆಯವರ ಅನುಮಾನವನ್ನು ತಳ್ಳಿಹಾಕುವುದಿಲ್ಲ. ಕೊಕ್ಕರೆ ರೋಗವಾದರೆ ಹಸಿರು ಹಿಕ್ಕೆ, ಕತ್ತು ತಿರುಚುವುದು, ಕಾಲು ಸೋಲುವುದು ಕಾಣುತ್ತದೆ. ಹೊತ್ತು ಗೊತ್ತಿಲ್ಲದೆ, ಮರಿಗಳೂ ಸೇರಿ ಸಾಯುತ್ತವೆ. ನಿಮ್ಮಲ್ಲಿ ಸತ್ತದ್ದು ಮಧ್ಯಾಹ್ನವೇ, ಹೇಂಟೆಗಳೇ. ಆದರೂ ಇನ್ನೊಂದು ಸತ್ತರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ದು ತೋರಿಸಿ. ಲಸಿಕೆ ಹಾಕಿಸುವುದಾದರೆ ಬೆಳಗಿನ ತಂಪಿನಲ್ಲಿ, ತೇಕುತ್ತಿರುವ ಕೋಳಿಗೆ ಬೇಡ.

ಯಾವುದಾದರೂ ಕುಸಿದರೆ ನೆರಳಿಗೆ ಎತ್ತಿಕೊಂಡು ಹೋಗಿ ಕಾಲು, ಜುಟ್ಟು, ರೆಕ್ಕೆಯ ಅಡಿ ಒದ್ದೆ ಮಾಡಿ ಗಾಳಿ ಬೀಸಿ. ಐಸ್ ನೀರು ಬೇಡ. ಬಾಯಿಗೆ ನೀರು ಸುರಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಕೊಕ್ಕಿನ ತುದಿ ಅದ್ದಿದರೆ ಸಾಕು, ಅದೇ ಹೀರುತ್ತದೆ.

ಕಾವಿಗೆ ಕುಳಿತ ಹೇಂಟೆಯ ಚಿಂತೆ ನನಗೆ ಹೆಚ್ಚು. ಅದು ದಾಹವಾದರೂ ಮೊಟ್ಟೆ ಬಿಟ್ಟು ಸುಲಭಕ್ಕೆ ಏಳುವುದಿಲ್ಲ. ಅದರ ಬುಟ್ಟಿಯನ್ನು ಶೆಡ್ಡಿನಿಂದ ತೆಗೆದು ಮನೆಯೊಳಗಿನ ತಂಪು ಮೂಲೆಯಲ್ಲಿಡಿ. ಇರುಳು ಸಾಗಿಸಿದರೆ ಗಾಬರಿಯಾಗುವುದಿಲ್ಲ. ಬೆಳಿಗ್ಗೆ ಎರಡೂ ಕೈಯಿಂದ ಮೆಲ್ಲನೆ ಎತ್ತಿ ಕಾಳು ತಿನ್ನಲು ಹೊರಗೆ ಬಿಡಿ. ಹಗಲೆಲ್ಲ ಕುಳಿತಲ್ಲಿಂದಲೇ ಕೊಕ್ಕು ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಒಂದು ಚಿಕ್ಕ ಕುಡಿಕೆ ನೀರು ಇರಲಿ.