ಥ್ರೆಡ್ ಕೂತರೆ ಯಾವ ಆಯಿಲ್ ಫಿಲ್ಟರ್ ಆದ್ರೂ ನಡೆಯುತ್ತಾ?

ಸರ್, ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ನಿಮ್ಮ ಕಾರಿನ ಫಿಲ್ಟರ್ ಇಲ್ಲ ಅಂತ ಬೇರೆ ಗಾಡಿಯದು ಕೊಟ್ಟು, "ಥ್ರೆಡ್ ಕೂರುತ್ತೆ, ಹಾಕ್ಕೊಳ್ಳಿ" ಅಂದರು, ಹಾಕಬಹುದಾ ಅಂತ ಕೇಳಿದ್ದೀರಿ.

ಬೇಡ. ರಬ್ಬರ್ ರಿಂಗಿನ ಅಳತೆ ಹೊಂದಬೇಕು, ಒಳಗಿನ ಬೈಪಾಸ್ ವಾಲ್ವ್ (ಫಿಲ್ಟರ್ ಕಟ್ಟಿಕೊಂಡಾಗ ಆಯಿಲ್ ನೇರವಾಗಿ ಎಂಜಿನ್ನಿಗೆ ಹೋಗೋಕೆ ದಾರಿ ಬಿಡೋದು) ಎಷ್ಟು ಪ್ರೆಷರಿಗೆ ತೆರೆಯುತ್ತೆ ಅನ್ನೋದೂ ಹೊಂದಬೇಕು. ಆಫ್ ಮಾಡಿದ ಮೇಲೆ ಫಿಲ್ಟರಿನ ಆಯಿಲ್ ವಾಪಸ್ ಇಳಿಯದಂತೆ ತಡೆಯೋ ಇನ್ನೊಂದು ವಾಲ್ವ್ ಇರುತ್ತೆ. ಅದು ಕಳಪೆಯಾದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕಟಕಟ ಸದ್ದು ಬರಬಹುದು.

ಮಾಡೆಲ್, ವರ್ಷ, ಪೆಟ್ರೋಲಾ ಡೀಸೆಲ್ಲಾ ಹೇಳಿ, ಪಾರ್ಟ್ ನಂಬರ್ ನೋಡಿಯೇ ತಗೊಳ್ಳಿ. ಕಾರ್ ಕಂಪನಿಯದ್ದೇ ಆಗಬೇಕಿಲ್ಲ. ಬಾಷ್, ಮಾಹ್ಲೆ ಥರದ್ದೂ ಆಗುತ್ತೆ, ನಿಮ್ಮ ಗಾಡಿಗೆ ಅಂತ ಅವರ ಪಟ್ಟಿಯಲ್ಲಿದ್ದರೆ ಸರಿ. ಬೆಂಗಳೂರಿಗೆ ಹೋಗೋರಿದ್ದರೆ ಗಾಡಿ ಬಿಡಿಭಾಗಗಳ ಅಂಗಡಿಗಳಿರೋ ಜೆ.ಸಿ. ರಸ್ತೆಯಿಂದ ತರಿಸಿಕೊಳ್ಳಿ.

ಬಿಚ್ಚಿದಾಗ ಹಳೆ ರಬ್ಬರ್ ರಿಂಗ್ ಫಿಲ್ಟರ್ ಜೊತೆಗೇ ಬಂತಾ ನೋಡಿ. ಕೆಲವು ಸಲ ಅದು ಎಂಜಿನ್ನಿಗೇ ಅಂಟಿಕೊಂಡಿರುತ್ತೆ. ಅದರ ಮೇಲೇ ಹೊಸದು ಕೂರಿಸಿದರೆ ಆಯಿಲ್ಲೆಲ್ಲ ರಸ್ತೆಪಾಲು. ಹೊಸ ರಿಂಗಿಗೆ ಬೆರಳಲ್ಲಿ ಚೂರು ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ. ರಿಂಗ್ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಸಾಕು, ಡಬ್ಬಿ ಮೇಲೆ ಬೇರೆ ಬರೆದಿದ್ದರೆ ಹಾಗೇ ಮಾಡಿ. ಪಾನಾ ಹಾಕಿ ಬಿಗಿಯೋ ಚಟ ನಮ್ಮ ಮೆಕ್ಯಾನಿಕ್‌ಗಳಿಗೆ ಜಾಸ್ತಿ, ಮುಂದಿನ ಸಲ ಬಿಚ್ಚೋನು ಪಾಡು ಪಡಬೇಕು! ಒಂದು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಆಯಿಲ್ ಸೋರುತ್ತಿದೆಯಾ ಅಂತ ಕೆಳಗೆ ಬಗ್ಗಿ ನೋಡಿ. ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ನೋಡಿ, ಕಡಿಮೆಯಿದ್ದರೆ ಆಯಿಲ್ ತುಂಬಿಸಿ.

ಕಲ್ಲು ಕ್ರಷರ್‌ಗಳ ಧೂಳಿಂದ ಎಂಜಿನ್ ಕಾಪಾಡೋದು ಹೇಗೆ ಅಂತಲೂ ಕೇಳಿದ್ರಲ್ವಾ, ಅದಕ್ಕೆ ಮೊದಲು ನೋಡಬೇಕಾದ್ದು ಏರ್ ಫಿಲ್ಟರ್.