ಜೇಬಿನಲ್ಲಿ ನಾಲ್ಕು ಪೆನ್‌ಡ್ರೈವ್ ಯಾಕೆ? ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಾನು ರೈಸ್ ಮಿಲ್‌ಗಳ ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುತ್ತೇನೆ. ವೇಬ್ರಿಡ್ಜ್ ಹತ್ತಿರದ ಹಳೇ ಪಿಸಿಗೆ ಒಂದು, ಆಫೀಸಿನ ಹೊಸ ಲ್ಯಾಪ್‌ಟಾಪ್‌ಗೆ ಇನ್ನೊಂದು ಅಂತ ಸಿಸ್ಟಮ್ ಇನ್‌ಸ್ಟಾಲ್, ರಿಪೇರಿ ಮಾಡುವ ನಾಲ್ಕು ಪೆನ್‌ಡ್ರೈವ್ ಇಟ್ಟುಕೊಂಡು ತಿರುಗುತ್ತೇನೆ. ಯಾವುದರಲ್ಲಿ ಏನಿದೆ ಅನ್ನೋದೇ ಮರೆತುಹೋಗುತ್ತದೆ. ಎಲ್ಲವನ್ನೂ ಒಂದರಲ್ಲೇ ಹಾಕಬಹುದಾ? ನನ್ನದು ಲಿನಕ್ಸ್ ಮಿಂಟ್.
– ಓದುಗರೊಬ್ಬರು, ಗಂಗಾವತಿ

ಹಾಕಬಹುದು. ವೆಂಟಾಯ್ ಅಂತ ಒಂದು ಪ್ರೋಗ್ರಾಂ ಇದೆ. 2020ರಲ್ಲಿ ಬಂತು, ದುಡ್ಡು ಕೊಡಬೇಕಾಗಿಲ್ಲ. ಅದು ಬಂದ ಮೇಲೆ ಬಳ್ಳಾರಿಯ ನನ್ನ ಅಂಗಡಿ ಡ್ರಾಯರ್‌ನಲ್ಲಿದ್ದ ಪೆನ್‌ಡ್ರೈವ್‌ಗಳೆಲ್ಲ ಅಳಿಯನ ಕಾರಿನ ಹಾಡಿಗೆ ಹೋದವು.

ಮೊದಲು ಐಎಸ್‌ಒ ಫೈಲನ್ನು, ಅಂದರೆ ಇಡೀ ಇನ್‌ಸ್ಟಾಲ್ ಡಿಸ್ಕ್ ಒಂದೇ ಫೈಲ್ ಆಗಿರುವುದನ್ನು, ಪೆನ್‌ಡ್ರೈವ್ ಮೇಲೆ ಬರೆಯುತ್ತಿದ್ದೆವು. ಬರೆದರೆ ಇಡೀ ಡ್ರೈವ್ ಆ ಒಂದಕ್ಕೇ ಮೀಸಲು. ವೆಂಟಾಯ್ ಹಾಗಲ್ಲ. ಒಮ್ಮೆ ಹಾಕಿದರೆ ಡ್ರೈವ್‌ನ ಕೊನೆಯಲ್ಲಿ 32 ಎಂಬಿಯ ಸಣ್ಣ ಭಾಗ ಮಾಡಿಕೊಂಡು ಬೂಟ್ ಆಗೋಕೆ, ಅಂದರೆ ಮಶೀನ್ ಪೆನ್‌ಡ್ರೈವ್‌ನಿಂದ ಶುರುವಾಗೋಕೆ, ಬೇಕಾದ್ದನ್ನು ಅಲ್ಲಿ ಇಟ್ಟುಕೊಳ್ಳುತ್ತದೆ. ಉಳಿದದ್ದೆಲ್ಲ ಖಾಲಿ ಜಾಗ. ಅಲ್ಲಿಗೆ ಐಎಸ್‌ಒಗಳನ್ನು ಸುಮ್ನೆ ಕಾಪಿ ಮಾಡಿ, ಸಿನಿಮಾ ಹಾಕಿಕೊಂಡ ಹಾಗೆ. ಬೂಟ್ ಮಾಡಿದಾಗ ಅವುಗಳ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಆ ಜಾಗ ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟ್‌ನಲ್ಲಿರುತ್ತದೆ. ಹಾಗಾಗಿ ಹಳೇ ಫ್ಯಾಟ್ 32 ಫಾರ್ಮ್ಯಾಟ್‌ನಲ್ಲಿದ್ದ, ಒಂದು ಫೈಲ್‌ಗೆ 4 ಜಿಬಿ ಮಿತಿಯ ಕಾಟ ಇಲ್ಲ. ಮಶೀನ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ ಹಳೇ ಪಿಸಿಯಲ್ಲಿ ಬಯಾಸ್, ಹೊಸ ಲ್ಯಾಪ್‌ಟಾಪ್‌ನಲ್ಲಿ ಯುಇಎಫ್‌ಐ. ಎರಡಕ್ಕೂ ಅದೇ ಡ್ರೈವ್ ನಡೆಯುತ್ತದೆ.

ನನ್ನ 32 ಜಿಬಿ ಡ್ರೈವ್‌ನಲ್ಲಿ ಮಿಂಟ್ ಇದೆ, ಪಾರ್ಟಿಷನ್ ಕೆಲಸಕ್ಕೆ ಜಿಪಾರ್ಟೆಡ್, ಡಿಸ್ಕ್ ಪೂರಾ ನಕಲು ತೆಗೆಯೋಕೆ ಕ್ಲೋನ್‌ಜಿಲ್ಲಾ, ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್. ಜೊತೆಗೆ ಹಳೇ ಮಶೀನ್‌ಗಳಿಗೆ ಅಂತ ಡೆಬಿಯನ್ ಅನ್ನುವ ಲಿನಕ್ಸ್‌ನ 32 ಬಿಟ್ ಆವೃತ್ತಿ 12. ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ನಿಲ್ಲಿಸಿಬಿಟ್ಟರು. ನಿಮ್ಮ ಹತ್ತಿರ 12ರ ಐಎಸ್‌ಒ ಇದ್ದರೆ ಅಳಿಸಬೇಡಿ, ಮಿಲ್‌ಗಳಲ್ಲಿ ಅಂಥ ಮುದುಕ ಪಿಸಿಗಳು ಇನ್ನೂ ಇರುತ್ತವೆ.

ವೆಂಟಾಯ್ ಹಾಕುವಾಗ ಮಾತ್ರ ಯಾವ ಡಿಸ್ಕ್ ಅಂತ ಎರಡು ಸಲ ನೋಡಿ. ಇದನ್ನು ನಾನು ಏಟು ತಿಂದು ಕಲಿತವಳು. ವೆಂಟಾಯ್ ಬರುವ ಮುಂಚಿನ ಮಾತು. ಒಂದು ಬೇಸಿಗೆ ರಾತ್ರಿ ಡಿಡಿ ಕಮಾಂಡ್‌ನಿಂದ ಪೆನ್‌ಡ್ರೈವ್ ಬರೆಯುತ್ತಿದ್ದೆ. ಲಿನಕ್ಸ್ ಕೊಟ್ಟ ಹೆಸರಿನ ಪ್ರಕಾರ ಪೆನ್‌ಡ್ರೈವ್ ಎಸ್‌ಡಿಬಿ ಆಗಿತ್ತು, ತಂಗಿಯ ಮದುವೆ ಫೋಟೊ ಇದ್ದ ಹಾರ್ಡ್ ಡಿಸ್ಕ್ ಎಸ್‌ಡಿಸಿ. ನಡುವೆ ಕರೆಂಟ್ ಹೋಯಿತು. ಬಂದ ಮೇಲೆ ಮಶೀನ್ ಆನ್ ಮಾಡಿದೆ, ಅದೇ ಕಮಾಂಡ್ ಮತ್ತೆ ಟೈಪ್ ಮಾಡಿದೆ, ಎಂಟರ್ ಹೊಡೆದೆ. ಆದರೆ ಈ ಹೆಸರುಗಳು ಡಿಸ್ಕ್‌ಗೆ ಅಂಟಿಕೊಂಡಿರುವುದಿಲ್ಲ. ಮಶೀನ್ ಆನ್ ಆದಾಗ ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ ಮೊದಲ ಹೆಸರು. ಆ ಸಲ ಅದಲುಬದಲಾಗಿತ್ತು. ಕಳೆದ ಫೋಟೊ ಹುಡುಕಿಕೊಡುವ ಫೋಟೊರೆಕ್ ಓಡಿಸಿ ಅರ್ಧದಷ್ಟು ಫೋಟೊ ವಾಪಸ್ ತೆಗೆದೆ, ಆದರೆ ಹೆಸರೂ ಇಲ್ಲ, ಕ್ರಮವೂ ಇಲ್ಲ. ಮೊದಲು ಊಟದ ಪಂಕ್ತಿ, ಆಮೇಲೆ ಅಕ್ಷತೆ! ಒಗ್ಗರಣೆ ಮಿರ್ಚಿ ತಿನ್ನೋಕೆ ಬಂದಾಗಲೆಲ್ಲ ತಂಗಿ ಇವತ್ತಿಗೂ ಆ ಮಾತು ತೆಗೆಯುತ್ತಾಳೆ.

ಅದಕ್ಕೇ ನೀವು ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಹೊಡೆದು, ಹೆಸರಲ್ಲ, ಸೈಜ್ ನೋಡಿ. 500 ಜಿಬಿ ಯಾವುದು, 32 ಜಿಬಿ ಯಾವುದು ಅಂತ ಕಣ್ಣಿಗೆ ಕಾಣುತ್ತದೆ. ವೆಂಟಾಯ್‌ನ ಮೌಸ್‌ನಿಂದ ಒತ್ತುವ ಕಿಟಕಿ ಇರುವ ಆವೃತ್ತಿ ಬಳಸಿದರೆ ಇನ್ನೂ ಒಳ್ಳೆಯದು. ಅದು ತಾನಾಗಿ ಯುಎಸ್‌ಬಿ ಡ್ರೈವ್‌ಗಳನ್ನಷ್ಟೇ ತೋರಿಸುತ್ತದೆ. ವೆಂಟಾಯ್ ಹಾಕಿದರೆ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಹೋಗುತ್ತದೆ, ಮೊದಲೇ ತೆಗೆದಿಟ್ಟುಕೊಳ್ಳಿ. ಮುಂದೆ ಹೊಸ ಆವೃತ್ತಿ ಬಂದಾಗ ಇನ್‌ಸ್ಟಾಲ್ ಒತ್ತಬೇಡಿ, ಅಪ್‌ಡೇಟ್ ಒತ್ತಿ. ಆಗ ಐಎಸ್‌ಒಗಳು ಹಾಗೇ ಉಳಿಯುತ್ತವೆ.

ಹೊಸ ಲ್ಯಾಪ್‌ಟಾಪ್‌ನಲ್ಲಿ ಗುರುತಿಲ್ಲದ ಪ್ರೋಗ್ರಾಂ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಮೊದಲ ಸಲ ನೀಲಿ ಪರದೆ ಬಂದು ಕೀ ಸೇರಿಸು ಅನ್ನುತ್ತದೆ. ಗಾಬರಿ ಬೇಡ. ವೆಂಟಾಯ್‌ನ ಆ ಸಣ್ಣ ಭಾಗದೊಳಗೆ ಕೀ ಫೈಲ್ ಇರುತ್ತದೆ, ಅದನ್ನು ತೋರಿಸಿ ರೀಬೂಟ್ ಮಾಡಿ. ಒಂದು ಮಶೀನ್‌ಗೆ ಒಂದು ಸಲ ಸಾಕು.

ಇನ್ನೊಂದು. ಕಾಪಿ ಮುಗಿಯಿತು ಅಂತ ತೋರಿಸಿದ ತಕ್ಷಣ ಪೆನ್‌ಡ್ರೈವ್ ಕೀಳಬೇಡಿ. ಲಿನಕ್ಸ್ ಇನ್ನೂ ಒಳಗೊಳಗೇ ಬರೆಯುತ್ತಿರುತ್ತದೆ. ಎಜೆಕ್ಟ್ ಒತ್ತಿ, ತೆಗೆಯಬಹುದು ಅನ್ನುವವರೆಗೂ ಕಾಯಿರಿ. ಐಎಸ್‌ಒ ಕೆಟ್ಟಿದೆ ಅಂತ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಇಲ್ಲೇ ಎಡವಿರುತ್ತಾರೆ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು ಎರಡೂ ಇವೆ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಯಾವ ಸಿಸ್ಟಮ್ ಬೇಕು ಅಂತ ಕೇಳುವ ಗ್ರಬ್ ಮೆನು ಬರುತ್ತಿಲ್ಲ, ನೇರ ವಿಂಡೋಸ್‌ಗೆ ಹೋಗುತ್ತದೆ. ಪ್ರಾಜೆಕ್ಟ್ ಉಬುಂಟುವಿನಲ್ಲಿದೆ. ಫಾರ್ಮ್ಯಾಟ್ ಮಾಡಬೇಕು ಅಂತ ಅಂಗಡಿಯಲ್ಲಿ ಹೇಳಿದರು.
– ವಿದ್ಯಾರ್ಥಿನಿ, ರಾಯಚೂರು

ಫಾರ್ಮ್ಯಾಟ್ ಮಾಡಿಸಬೇಡಮ್ಮ. ಪ್ಲಾಟ್‌ಫಾರ್ಮ್ ಬದಲಾದರೆ ಬಸ್ಸೇ ಕಳೆದುಹೋಯಿತು ಅಂತೀವಾ? ಯಾವುದನ್ನು ಮೊದಲು ಬೂಟ್ ಮಾಡಬೇಕು ಅನ್ನುವ ಪಟ್ಟಿ ಮದರ್‌ಬೋರ್ಡ್‌ನಲ್ಲಿ ಇರುತ್ತದೆ. ಅದರಲ್ಲಿ ವಿಂಡೋಸ್ ತಾನೇ ಮುಂದೆ ಬಂದು ನಿಂತಿರಬೇಕು.

ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತು. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಅಲ್ಲಿ ಉಬುಂಟು ಕಂಡರೆ ಆರಿಸು. ಒಳಗೆ ಹೋದ ಮೇಲೆ ಟರ್ಮಿನಲ್‌ನಲ್ಲಿ ಇಎಫ್‌ಐಬೂಟ್‌ಎಂಜಿಆರ್ ಅಂತ ಹೊಡೆದರೆ ಪಟ್ಟಿ ನಂಬರ್ ಸಮೇತ ಬರುತ್ತದೆ. ಉಬುಂಟು 0003, ವಿಂಡೋಸ್ 0000 ಇದೆ ಅಂದುಕೋ. ಅದೇ ಕಮಾಂಡನ್ನು ಮುಂದೆ ಸುಡೊ ಸೇರಿಸಿ, ಹಿಂದೆ ಮೈನಸ್ ಸಣ್ಣಕ್ಷರದ ಒ, ಆಮೇಲೆ 0003,0000 ಅಂತ ಕೊಟ್ಟರೆ ಸರದಿ ತಿರುಗುತ್ತದೆ.

ಉಬುಂಟು ಕಾಣಲೇ ಇಲ್ಲ ಅಂದರೆ ಇನ್‌ಸ್ಟಾಲ್ ಮಾಡದೇ ಸಿಸ್ಟಮ್ ಓಡಿಸುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಬೂಟ್ ರಿಪೇರ್ ಪ್ರೋಗ್ರಾಂ ಓಡಿಸು. ಇಲ್ಲಿ ಒಂದು ಮೋಸ ಇದೆ. ಕೆಲವು ಮಶೀನ್‌ಗಳ ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಯುಇಎಫ್‌ಐ ಅಂತ ಬರೆದದ್ದು ಒಂದು, ಬರೆಯದ್ದು ಇನ್ನೊಂದು. ಬರೆದದ್ದನ್ನೇ ಆರಿಸು. ಇಲ್ಲದಿದ್ದರೆ ಲೈವ್ ಸಿಸ್ಟಮ್‌ಗೆ ಮದರ್‌ಬೋರ್ಡಿನ ಆ ಪಟ್ಟಿ ಸಿಗುವುದೇ ಇಲ್ಲ.

ಗ್ರಬ್ ಬಂದ ಮೇಲೆ ಅದರಲ್ಲಿ ವಿಂಡೋಸ್ ಕಾಣದಿದ್ದರೆ ಹೆದರಬೇಡ. 2021ರ ಗ್ರಬ್ 2.06ರಿಂದ ಬೇರೆ ಸಿಸ್ಟಮ್ ಹುಡುಕುವ ಓಎಸ್ ಪ್ರೋಬರನ್ನು ಆಫ್ ಮಾಡಿ ಇಟ್ಟಿದ್ದಾರೆ. ಇಟಿಸಿಯೊಳಗಿನ ಡಿಫಾಲ್ಟ್ ಫೋಲ್ಡರ್‌ನಲ್ಲಿ ಗ್ರಬ್ ಅನ್ನುವ ಫೈಲ್ ಇದೆ. ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಅನ್ನುವ ಸಾಲಿನ ಮುಂದೆ ಹ್ಯಾಶ್ ಗುರುತಿದ್ದರೆ ತೆಗೆದು, ಅದನ್ನು ಫಾಲ್ಸ್ ಮಾಡಿ, ಅಪ್‌ಡೇಟ್ ಗ್ರಬ್ ಕೊಡು. ಇಷ್ಟೆಲ್ಲ ಬೇಡ ಅನ್ನಿಸಿದರೆ ಗ್ರಬ್ ಥರದ್ದೇ ಇನ್ನೊಂದು ಪ್ರೋಗ್ರಾಂ ರೀಫೈಂಡ್ ಹಾಕಿಕೋ. ಅದು ಪ್ರತಿ ಸಲ ಆನ್ ಆದಾಗಲೂ ತಾನೇ ಹುಡುಕಿ ಚಿತ್ರ ಸಮೇತ ತೋರಿಸುತ್ತದೆ. ನನಗೆ ಗ್ರಬ್‌ನ ಕಪ್ಪು ಪರದೆಯೇ ಇಷ್ಟ, ಅದು ಬೇರೆ ಮಾತು.

ಬಯಾಸ್‌ನಲ್ಲಿ ಏನೇ ಮುಟ್ಟುವ ಮುಂಚೆ ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೋ. ಸೆಕ್ಯೂರ್ ಬೂಟ್ ಬದಲಾಯಿಸಿದರೆ ವಿಂಡೋಸ್ ಅದನ್ನು ಕೇಳಬಹುದು.

ಪ್ರಶ್ನೆ: ಲಿನಕ್ಸ್ ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಮದರ್‌ಬೋರ್ಡ್‌ನ ಬ್ಯಾಟರಿ ಸೆಲ್ ಎರಡು ಸಲ ಬದಲಾಯಿಸಿದೆ.
– ಓದುಗರೊಬ್ಬರು, ಕೊಪ್ಪಳ

ಸೆಲ್‌ಗೆ ಹಾಕಿದ ದುಡ್ಡು ದಂಡ. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯ ಅಂದುಕೊಳ್ಳುತ್ತದೆ. ಐದೂವರೆ ಗಂಟೆ ಅಲ್ಲಿಂದಲೇ ಬಂತು. ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ಗೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕೊಡಿ. ಒಂದು ಎಚ್ಚರಿಕೆ ತೋರಿಸುತ್ತದೆ. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವ ದೇಶದವರಿಗೆ ಅದರಿಂದ ತೊಂದರೆ, ನಮಗೇನಿಲ್ಲ. ಆಮೇಲೆ ವಿಂಡೋಸ್‌ಗೆ ಹೋಗಿ ಒಂದು ಸಲ ಸಮಯ ಸರಿಮಾಡಿ.